ರಸ್ತೆ ಮುಳುಗುವ ಮೊದಲೇ ಮನೆ ಬಿಡುವುದು ಲೇಸು

ಮಾನ್ಯ ಸಂಪಾದಕರೆ,

ಮಹಾರಾಷ್ಟ್ರದ ಘಟ್ಟ ಪ್ರದೇಶದಲ್ಲಿ ಮಳೆ ಜೋರಾಯಿತೆಂದರೆ, ರಾಜಾಪುರ ಬ್ಯಾರೇಜಿನಿಂದ ಕೃಷ್ಣೆಗೆ ಎಷ್ಟು ಕ್ಯುಸೆಕ್ ನೀರು ಬರುತ್ತಿದೆ, ದೂಧಗಂಗೆಯಿಂದ ಎಷ್ಟು ಸೇರುತ್ತಿದೆ ಎಂಬ ಲೆಕ್ಕ ಪತ್ರಿಕೆಗಳಲ್ಲಿ ದಿನವೂ ಪ್ರಕಟವಾಗುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ನದಿತೀರದವರು ಅದನ್ನು ತಪ್ಪದೆ ಓದುತ್ತೇವೆ. ಆದರೆ ಆ ಅಂಕಿ ಎಷ್ಟಕ್ಕೆ ಮುಟ್ಟಿದಾಗ ತಮ್ಮ ಮನೆಯವರು ಹೊರಡಬೇಕೆಂದು ಮುಂಚಿತವಾಗಿ ಮಾತಾಡಿಕೊಂಡ ಕುಟುಂಬಗಳು ವಿರಳ.

‘ಹೊಸ್ತಿಲಿಗೆ ನೀರು ಬರಲಿ, ಆಮೇಲೆ ನೋಡೋಣ’ ಎನ್ನುವುದು ನಮ್ಮ ಕಡೆಯ ಹಿರಿಯರ ವಾಡಿಕೆಯ ಮಾತು. ಆದರೆ ಕಲ್ಲೋಳ–ಯಡೂರ ಸೇತುವೆಯಂತಹ ತಗ್ಗಿನ ಸೇತುವೆಗಳು ಮೊದಲು ಮುಳುಗುತ್ತವೆ, ಬಳಿಕ ಹಿನ್ನೀರು ಹಳ್ಳಗಳಲ್ಲಿ ಮೇಲೇರಿ ತೋಟದ ವಸತಿಗಳ ದಾರಿಯನ್ನು ಕಡಿಯುತ್ತದೆ. ಮನೆಯಂಗಳ ಇನ್ನೂ ಒಣಗಿರುವಾಗಲೇ ಆ ಮನೆ ನಡುಗಡ್ಡೆಯಾಗಿರುತ್ತದೆ. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದ ನೆರೆಯಲ್ಲಿ ದೋಣಿ, ಹೆಲಿಕಾಪ್ಟರ್‌ಗಳಿಗಾಗಿ ಕಾಯಬೇಕಾಗಿ ಬಂದವರಲ್ಲಿ ಹೊಸ್ತಿಲನ್ನೇ ನಂಬಿ ಕುಳಿತಿದ್ದವರೂ ಇದ್ದರು. ಆದ್ದರಿಂದ ಪ್ರತಿ ಕುಟುಂಬವೂ ತನ್ನ ದಾರಿಯಲ್ಲಿ ಮೊದಲು ಮುಳುಗುವ ತಗ್ಗನ್ನು ಗುರುತಿಸಿ, ನೀರು ಅದರ ಸಮೀಪಕ್ಕೆ ಬಂದ ದಿನವೇ, ಹಗಲು ಹೊತ್ತಿನಲ್ಲೇ ಹೊರಡುವುದೆಂದು ಮಳೆಗಾಲಕ್ಕೆ ಮುನ್ನ ನಿಶ್ಚಯಿಸಿಕೊಳ್ಳಬೇಕು.

ಜನ ಹೊರಡಲು ಹಿಂಜರಿಯುವುದಕ್ಕೆ ಮೊಂಡುತನವೊಂದೇ ಕಾರಣವಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆಗಳೂ ಕಾರಣ. ಹೆಂಗಸರು, ಮಕ್ಕಳು ನೆರೆ ಸಂತ್ರಸ್ತರಿಗಾಗಿ ತೆರೆಯುವ ಕಾಳಜಿ ಕೇಂದ್ರಕ್ಕೆ ಹೋಗುತ್ತಾರೆ, ದನಗಳಿಗೆಂದು ಒಬ್ಬ ಗಂಡಸು ಹಿಂದೆ ಉಳಿಯುತ್ತಾನೆ, ಕೊನೆಗೆ ಅವನನ್ನು ಕರೆತರಲು ಮತ್ತೊಬ್ಬರು ಪ್ರವಾಹಕ್ಕಿಳಿಯುತ್ತಾರೆ. ಈ ಕ್ರಮ ತಲೆಕೆಳಗಾಗಬೇಕು. ಎತ್ತರದ ಊರಿನ ಬೀಗರನ್ನೋ ಪರಿಚಯಸ್ಥರನ್ನೋ ಮೊದಲೇ ಕೇಳಿಕೊಂಡು, ಒಂದು ಟ್ರ್ಯಾಕ್ಟರ್ ಕಣಕಿಯೊಡನೆ (ಒಣ ಜೋಳದ ಮೇವಿನೊಡನೆ) ದನಗಳನ್ನೇ ಮೊದಲು ಸಾಗಿಸಿದರೆ ಉಳಿದವರ ಕಾಲು ತಾನಾಗಿಯೇ ಏಳುತ್ತದೆ. ಕಿವಿಯ ಟ್ಯಾಗ್‌ನಲ್ಲಿರುವ ಹನ್ನೆರಡು ಅಂಕಿಯ ಸಂಖ್ಯೆ ಕಾಣುವಂತೆ ಪ್ರತಿ ದನದ ಫೋಟೊ ತೆಗೆದಿಟ್ಟುಕೊಂಡರೆ ಅದು ಯಾರದೆಂಬ ತಕರಾರು ಬರುವುದಿಲ್ಲ.

ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಪಹಣಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದನ್ನು ಎಲ್ಲರೂ ಬಲ್ಲರು. ಮರೆತುಹೋಗುವುದು ಹೆಚ್ಚಾಗಿ ಅಜ್ಜಿಯ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು. ಹಾಸಿಗೆ ಹಿಡಿದವರನ್ನು ಯಾರು ಎತ್ತಿಕೊಂಡು ಹೋಗಬೇಕು, ತುಂಬು ಗರ್ಭಿಣಿಯನ್ನು ಯಾವ ಊರಿಗೆ ಮುಂಚೆಯೇ ಕಳಿಸಬೇಕು ಎಂಬುದನ್ನೂ ಹೆಸರು ಹಿಡಿದು ಗೊತ್ತುಮಾಡಿರಬೇಕು.

ತಾಲ್ಲೂಕು ಆಡಳಿತಕ್ಕೆ ನನ್ನ ವಿನಂತಿ ಇಷ್ಟು: ಯಾವ ಊರಿನವರಿಗೆ ಯಾವ ಶಾಲೆಯಲ್ಲಿ ಕಾಳಜಿ ಕೇಂದ್ರ, ಅದರ ಹತ್ತಿರ ದನ ಕಟ್ಟಲು ಜಾಗ ಎಲ್ಲಿ, ಮೇವು ಯಾರು ಒದಗಿಸುತ್ತಾರೆ ಎಂಬುದನ್ನು ಜೂನ್ ತಿಂಗಳಲ್ಲೇ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕು. ನೀರು ಬಂದ ರಾತ್ರಿ ಡಂಗುರ ಸಾರಿದರೆ, ಹೊರಡಲು ಒಪ್ಪಿದವರಿಗೂ ಎತ್ತ ಹೋಗಬೇಕೆಂದು ತಿಳಿಯುವುದಿಲ್ಲ.

– ಕೃಷ್ಣಾ ತೀರದ ಓದುಗ, ಚಿಕ್ಕೋಡಿ ತಾಲ್ಲೂಕು