ಇಟ್ಟ ದುಡ್ಡಿಗೆ ನಾವೇ ಬಾಡಿಗೆ

ಫ್ರಾಂಕ್‌ಫರ್ಟ್, ಮಾರ್ಚ್ 2021

ತೀರ್ಥರೂಪು ಅಪ್ಪನಿಗೆ ನಮಸ್ಕಾರ. ಇಲ್ಲಿ ಎಲ್ಲ ಕ್ಷೇಮ.

ಪುಟ್ಟಿ ಮದುವೆಗೆ ಎತ್ತಿಟ್ಟ ದುಡ್ಡು ಇಲ್ಲಿ ಕರಗ್ತಿದೆ ಅಂತ ನಾಣಿ ಮಾವ ಹೇಳಿದ್ದು ಅರ್ಧ ನಿಜ. ಯುರೋಪಿನ ಸೆಂಟ್ರಲ್ ಬ್ಯಾಂಕು ಬ್ಯಾಂಕುಗಳು ತನ್ನಲ್ಲಿಡೋ ದುಡ್ಡಿನ ಬಡ್ಡಿಯನ್ನು 2014ರ ಜೂನ್‌ನಲ್ಲೇ ಸೊನ್ನೆಗಿಂತ ಕೆಳಗಿಳಿಸಿತು. 2019ರ ಸೆಪ್ಟೆಂಬರಿಂದ ಮೈನಸ್ ಶೇ. 0.5, ಅಂದರೆ ಇಟ್ಟವರೇ ಬಡ್ಡಿ ಕಟ್ಟಬೇಕು. ಆದರೆ ಅದನ್ನು ಕಟ್ಟೋದು ಬ್ಯಾಂಕುಗಳು, ನಾವಲ್ಲ. ಒಂದು ಬ್ಯಾಂಕಿಗೆ 100 ಕೋಟಿ ಠೇವಣಿ ಬಂತು, 80 ಕೋಟಿ ಸಾಲ ಹೋಯ್ತು ಅಂತಿಟ್ಟುಕೊಳ್ಳಿ. ಉಳಿದ 20ರಲ್ಲಿ 1 ಕೋಟಿ ಸೆಂಟ್ರಲ್ ಬ್ಯಾಂಕಲ್ಲಿ ಇಡಲೇಬೇಕಾದ ಕಡ್ಡಾಯ ಮೀಸಲು, ಇನ್ನು ಅದರ ಆರು ಪಟ್ಟಿಗೆ, ಅಂದರೆ 6 ಕೋಟಿಗೆ, ದಂಡ ಮಾಫಿ. ಮಿಕ್ಕ 13 ಕೋಟಿಗೆ ವರ್ಷಕ್ಕೆ ಆರೂವರೆ ಲಕ್ಷ ದಂಡ. ದುಡ್ಡು ಸುಮ್ಮನೆ ಕೂಡಿಸಿಡಬೇಡಿ, ಸಾಲ ಕೊಡಿ ಅಂತ ಈ ಏಟು.

ಸಾಲಕ್ಕಾದರೂ ಬಡ್ಡಿ ಎಲ್ಲಿದೆ? 10 ವರ್ಷದ ಮನೆಸಾಲವೇ ಶೇ. 1ರ ಆಸುಪಾಸು! ಇತ್ತ ಆ ದಂಡ ವಸೂಲಿಗೆ ಸಣ್ಣ ಖಾತೆಗಳಿಗೆ ಕೈಹಾಕಿದರೆ ಜನ ನೋಟು ಎಣಿಸಿಕೊಂಡು ಹೋಗಿಬಿಡ್ತಾರೆ. ಹಾಗಾಗಿ ದೊಡ್ಡ ಖಾತೆಗಳ ಮೇಲೆ ಕಣ್ಣು: ಹಲವು ಕಡೆ 1 ಲಕ್ಷ ಯೂರೋ ದಾಟಿದ್ದಕ್ಕೆ, ಕೆಲವು ಕಡೆ 50,000 ದಾಟಿದ್ದಕ್ಕೆ. 1,20,000 ಇಟ್ಟವನಿಗೆ ಮೇಲಿನ 20,000ಕ್ಕೆ ವರ್ಷಕ್ಕೆ 100 ಯೂರೋ ಕಡಿತ. ಬಡ್ಡಿ ಅನ್ನಲ್ಲ, ಜೋಪಾನದ ಶುಲ್ಕ ಅಂತಾರೆ. ಜರ್ಮನ್ನರು ಹೆಸರಿಡೋದರಲ್ಲಿ ಗಟ್ಟಿಗರು. ನೋಟು ಮಾಡಿ ಲಾಕರಲ್ಲಿಟ್ಟರೆ ಬಾಡಿಗೆ, ವಿಮೆ ಅದಕ್ಕಿಂತ ಜಾಸ್ತಿ. 500ರ ನೋಟು ಹೊರಡಿಸೋದನ್ನೂ 2019ರಲ್ಲಿ ನಿಲ್ಲಿಸಿದರು. ತಿಳಿದವರು ಎರಡು ಬ್ಯಾಂಕಿಗೆ ಹಂಚಿಡ್ತಾರೆ, ಅಷ್ಟೆ.

ನಮ್ಮದು 38,000. ಈ ಎರಡು ಮಿತಿಗೂ ತಾಗಲ್ಲ. ಒಂದು ಸೆಂಟೂ ಹೋಗಿಲ್ಲ, ಹೋಗೋದೂ ಇಲ್ಲ, ಖಂಡಿತ ಇಲ್ಲ. ಬಡ್ಡಿಯೂ ಬರಲ್ಲ, ಅದು ಬೇರೆ ಮಾತು.

ನಮ್ಮಲ್ಲೂ ಹೀಗಾಗುತ್ತಾ ಅಂತ ಕೇಳಿದ್ದೀರಿ. ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ, ಅದೇ ರೆಪೊ, ಇನ್ನೂ ಶೇ. 4 ಇದೆ, ಆ ಭಯ ಬಿಡಿ. ನನಗೆ ಭಯ ಆಗ್ತಿರೋದು ಶೇ. 10ರ ಆಸೆಗೆ ನೀವು ಸೊಸೈಟಿಯಲ್ಲಿಟ್ಟ 8 ಲಕ್ಷದ್ದು. ಬ್ಯಾಂಕು ಮುಳುಗಿದರೆ ಅಸಲು-ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಉಂಟು. ಸೊಸೈಟಿ ಠೇವಣಿಗೆ ಆ ವಿಮೆ ಇಲ್ಲ. ಆ ಠೇವಣಿ ಬಾಂಡಿನ ವಾಯಿದೆ ಮುಗಿದ ದಿನವೇ ಬಿಡಿಸಿ, ನಾಲ್ಕು ಲಕ್ಷ ನಿಮ್ಮ ಹೆಸರಲ್ಲಿ, ನಾಲ್ಕು ಅಮ್ಮನ ಹೆಸರಲ್ಲಿ ಬೇರೆ ಬೇರೆ ಎಫ್‌ಡಿ ಮಾಡಿಸಿ. ಮಾವನ ಮುಲಾಜು ನೋಡಬೇಡಿ.

ಅಮ್ಮನ ಮಂಡಿಗೆ ಎಣ್ಣೆ ತಪ್ಪಿಸಬೇಡಿ. ಮೀಟಿಂಗಿಗೆ ಕರೀತಿದ್ದಾರೆ, ಉಳಿದದ್ದು ಭಾನುವಾರ ಫೋನಲ್ಲಿ.

ನಿಮ್ಮ
ರಾಘು