ಅಂಟಿನುಂಡೆ ತಿಂದು ಸಿಕ್ಕಿಬಿದ್ದೆ

ಮ್ಯಾಂಚೆಸ್ಟರ್
ಭಾನುವಾರ, 9 ಫೆಬ್ರವರಿ 2025

ಅವ್ವನಿಗೆ ನಮಸ್ಕಾರ. ಅಪ್ಪಾಜಿಗೂ.

ಅಣ್ಣ ಬಾಯಿ ಬಿಟ್ಟ ಅಂತ ಗೊತ್ತಾಯ್ತು. "ಅವನು ಅಲ್ಲಿ ಔಷಧಿ ಪ್ರಯೋಗಕ್ಕೆ ಮೈ ಕೊಟ್ಟಿದ್ದಾನೆ" ಅಂತ ಅವನು ಹೇಳಿದ್ದಕ್ಕೆ ನೀನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಫೋನಿನಲ್ಲಿ ಹೇಳಹೋದರೆ ನೀನು ಅರ್ಧಕ್ಕೇ ಅಳುತ್ತೀಯ, ನಾನು ಅರ್ಧಕ್ಕೇ ಸಿಟ್ಟಾಗುತ್ತೇನೆ. ಅದಕ್ಕೇ ಈ ಕಾಗದ. ಅಣ್ಣನ ಕೈಲಿ ಓದಿಸು. ನಡುವೆ ತನ್ನ ಮಾತು ಸೇರಿಸಬಾರದು ಅಂತ ಹೇಳು.

ಮೊದಲು ಒಂದು ಮಾತು: ನಾನು ಚೆನ್ನಾಗಿದ್ದೇನೆ. ತೂಕ ಎರಡು ಕಿಲೋ ಜಾಸ್ತಿಯೇ ಆಗಿದೆ.

ಹೊಸ ಮಾತ್ರೆ ಅಂಗಡಿಗೆ ಬರುವ ಮುಂಚೆ ಆರೋಗ್ಯವಾಗಿರುವ ಕೆಲವರಿಗೆ ಕೊಟ್ಟು, ಅದು ರಕ್ತಕ್ಕೆ ಎಷ್ಟು ಸೇರುತ್ತದೆ, ಎಷ್ಟು ಹೊತ್ತು ಇರುತ್ತದೆ ಅಂತ ನೋಡುತ್ತಾರೆ. ನಾನು ಸೇರಿದ್ದ ಪರೀಕ್ಷೆಯಲ್ಲಿ ಅವರಿಗೆ ಬೇಕಾಗಿದ್ದು ಇಷ್ಟೇ. ಈ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಬೇಕಾ, ಊಟದ ಮೇಲಾ? ಔಷಧಿ ಅಂಗಡಿಯವನು ಕವರಿನ ಮೇಲೆ "ಊಟಕ್ಕೆ ಮುಂಚೆ" ಅಂತ ಪೆನ್ನಲ್ಲಿ ಗೀಚಿ ಕೊಡುತ್ತಾನಲ್ಲ, ಅದು ಎಲ್ಲಿಂದ ಬಂತು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ನನ್ನಂಥವರ ಹೊಟ್ಟೆಯಿಂದ ಬಂದಿದ್ದು.

ದುಡ್ಡು ಕೊಡುತ್ತಾರೆ. ಮುಚ್ಚಿಡುವುದೇನು, ಮೇ ತಿಂಗಳಲ್ಲಿ ಊರಿಗೆ ಬರುವ ಟಿಕೆಟ್ಟಿಗೆ ಅಂತಲೇ ಹೋದೆ. ಇಲ್ಲಿ ಅಪಾಯ ಜಾಸ್ತಿ ಅಂತ ದುಡ್ಡು ಜಾಸ್ತಿ ಕೊಡುವ ಹಾಗಿಲ್ಲ. ನಮ್ಮ ಸಮಯಕ್ಕೆ, ಪಡುವ ತೊಂದರೆಗೆ ಮಾತ್ರ. ಯಾವಾಗ ಬೇಕಾದರೂ ಎದ್ದು ಬರಬಹುದು, ಕಾರಣ ಹೇಳಬೇಕಾಗಿಲ್ಲ.

ಸೂಜಿಗಿಂತ ಜಾಸ್ತಿ ಕಾಡಿದ್ದು ಪಥ್ಯ. ಎರಡು ಪುಟದ ಪಟ್ಟಿ ಕೊಟ್ಟರು. ಎರಡು ವಾರ ಬೇರೆ ಯಾವ ಮಾತ್ರೆಯನ್ನೂ ನುಂಗಬಾರದು, ನಾಟಿ ಔಷಧಿಯೂ ಬೇಡ. ತಲೆನೋವಿನ ಮಾತ್ರೆಗೂ ಅವರನ್ನು ಕೇಳಬೇಕು. ಎರಡು ದಿನ ಮುಂಚಿನಿಂದ ಕಾಫಿ, ಚಹಾ, ಕೋಲಾ, ಚಾಕೊಲೇಟ್ ಬಂದ್. ಹೆಂಡ ಬೇಡ, ಅದರ ಚಿಂತೆ ನಿನಗಿಲ್ಲ. ಜಿಮ್ಮಿಗೂ ಹೋಗಬಾರದು, ಜೋರು ಕಸರತ್ತು ಮಾಡಿದರೆ ರಕ್ತ ಪರೀಕ್ಷೆಯ ಲೆಕ್ಕ ಏರುಪೇರಾಗುತ್ತದೆ. ಗ್ರೇಪ್‌ಫ್ರೂಟ್, ಪಾಮೆಲೊ, ಪಾಪಿ ಸೀಡ್ ಯಾವುದೂ ಕೂಡದು. ನನ್ನ ಜೊತೆ ರಾಣೆಬೆನ್ನೂರಿನ ಹುಡುಗನೊಬ್ಬ ಬಂದಿದ್ದ. ಗ್ರೇಪ್‌ಫ್ರೂಟ್ ಅಂದರೆ ದ್ರಾಕ್ಷಿ ಅಂದುಕೊಂಡು ಎರಡು ವಾರ ದ್ರಾಕ್ಷಿ ಬಿಟ್ಟಿದ್ದ, ಪಾಪ. ಅದು ಕಿತ್ತಳೆ ಜಾತಿಯ ಹಣ್ಣು. ನಾನು ನಕ್ಕೆ. ಆಮೇಲೆ ನನ್ನ ಸರದಿ ಬಂತು.

ಡಿಸೆಂಬರಿನಲ್ಲಿ ಚಳಿಗೆ ಅಂತ ನೀನು ಅಂಟಿನುಂಡೆ ಕಳಿಸಿದ್ದೆಯಲ್ಲ. ಪರೀಕ್ಷೆಗೆ ಸೇರಿಸಿಕೊಳ್ಳುವ ಮುಂಚೆ ಮೈ ತಪಾಸಣೆ ಇರುತ್ತದೆ. ಅದರ ಹಿಂದಿನ ರಾತ್ರಿ ನಾಲ್ಕು ಉಂಡೆ ತಿಂದೆ. ಬೆಳಿಗ್ಗೆ ಹೊರಡುವಾಗ ಇನ್ನೊಂದು. ಅಲ್ಲಿ ಮೂತ್ರಕ್ಕೆ ಒಂದು ಪಟ್ಟಿ ಅದ್ದಿ ನೋಡುತ್ತಾರೆ, ಮಾದಕ ವಸ್ತು ಏನಾದರೂ ತೆಗೆದುಕೊಂಡಿದ್ದಾರಾ ಅಂತ. ಒಂದೊಂದು ವಸ್ತುವಿಗೆ ಒಂದೊಂದು ಕೆಂಪು ಗೆರೆ ಮೂಡಬೇಕು. ಮೂಡದೆ ಇದ್ದರೆ ಸಿಕ್ಕಿಬಿದ್ದ ಹಾಗೆ. ನನ್ನದರಲ್ಲಿ ಎಲ್ಲಾ ಗೆರೆ ಬಂತು, ಒಂದು ಬಿಟ್ಟು. ನರ್ಸಮ್ಮ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಇನ್ನೊಂದು ನಿಮಿಷ ಕಾದಳು. ಅಫೀಮಿನ ಜಾಗ ಬೆಳ್ಳಗೇ ಇತ್ತು.

ನನಗೆ ಬೆವರು ಕಿತ್ತುಕೊಂಡು ಬಂತು. ಅಡಿಕೆ ಸಹ ಹಾಕದ ಮನುಷ್ಯ ನಾನು! ಅವಳೇ ಸಮಾಧಾನವಾಗಿ ಕೇಳಿದಳು, ಪಾಪಿ ಸೀಡ್ ಹಾಕಿದ ಬ್ರೆಡ್ಡು ಕೇಕು ಏನಾದರೂ ತಿಂದೆಯಾ ಅಂತ. ಇಲ್ಲವೇ ಇಲ್ಲ ಅಂದೆ. ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಕಪ್ಪಗೆ, ಸಣ್ಣಗೆ. ಇದನ್ನು ನಾನು ನೋಡೇ ಇಲ್ಲ ಅಂದೆ. ಬಿಳಿಯದೂ ಇರುತ್ತದೆ ಅಂತ ಇನ್ನೊಂದು ತೋರಿಸಿದಳು ನೋಡು, ಆಗ ಜೀವ ಧಸಕ್ಕೆಂದಿತು. ನಮ್ಮ ಗಸಗಸೆ, ನಿನ್ನ ಉಂಡೆಯಲ್ಲಿದ್ದದ್ದೇ! ಅಫೀಮು ಬರುವ ಗಿಡದ್ದೇ ಬೀಜವಂತೆ ಅದು. ಕಾಯಿಯ ಹಾಲು ಬೀಜಕ್ಕೆ ಚೂರು ಮೆತ್ತಿಕೊಂಡಿರುತ್ತದೆ. ತಿಂದವರಿಗೆ ಅಮಲೇನೂ ಏರುವುದಿಲ್ಲ, ಆದರೆ ಪಟ್ಟಿಗೆ ಅಷ್ಟು ಸಾಕು. ಪಥ್ಯದ ಪಟ್ಟಿಯಲ್ಲಿ ಪಾಪಿ ಸೀಡ್ ಅಂತ ಓದಿ ಸಹಿ ಹಾಕಿದವನು ನಾನೇ, ತಪ್ಪು ನನ್ನದೇ. ಒಂದು ವಾರ ಬಿಟ್ಟು ಬಾ ಅಂದರು. ಹೋದೆ, ಗೆರೆ ಬಂತು. ಹಾಂ, ಎದುರು ಮನೆಯವರ ಮಗ ದುಬೈಗೆ ಹೋಗುತ್ತಾನೆ ಅಂದಿದ್ದೆಯಲ್ಲ, ಅವನಿಗೆ ಗಸಗಸೆ ಹಾಕಿದ್ದು ಏನೂ ಕಟ್ಟಿಕೊಡಬೇಡ. ಅಲ್ಲಿ ಅದನ್ನು ಒಯ್ಯುವುದೇ ಅಪರಾಧ.

ಆ ದಿನವೇ ಡಾಕ್ಟರು ಇನ್ನೇನು ಮನೆಯಿಂದ ಬಂದಿದೆ ಅಂತ ಕೇಳಿದರು. ಕಷಾಯದ ಪುಡಿ ಅಂದೆ. ಅದರಲ್ಲಿ ಏನಿದೆ? ನಾನು ಏನು ಹೇಳಲಿ. ಆವತ್ತು ಫೋನ್ ಮಾಡಿ "ಕಷಾಯಕ್ಕೆ ಏನೇನು ಹಾಕುತ್ತೀಯ" ಅಂತ ಕೇಳಿದ್ದು ಅದಕ್ಕೇ. ಯಾರೋ ಹುಡುಗಿ ಸಿಕ್ಕಿದ್ದಾಳೆ, ಅವಳಿಗೆ ಕಲಿಸುತ್ತಾನೆ ಅಂತ ನೀನು ಖುಷಿಪಟ್ಟೆಯಂತೆ. ಇಲ್ಲ ಅವ್ವ. ಕಾಳುಮೆಣಸಿನಲ್ಲಿರುವ ಪೈಪರಿನ್ ಕೆಲವು ಔಷಧಿಗಳು ರಕ್ತಕ್ಕೆ ಜಾಸ್ತಿ ಸೇರುವ ಹಾಗೆ ಮಾಡುತ್ತದೆ, ಅದಕ್ಕೆ ಕೇಳಿದ್ದು.

ಜನವರಿಯಲ್ಲಿ ಮೊದಲ ಸಲ ಮಾತ್ರೆಯ ಪರೀಕ್ಷೆಗೆ ಅಂತ ಒಳಗೆ ಹೋದಾಗ ಉಪವಾಸ. ರಾತ್ರಿ ಹತ್ತು ತಾಸು ಏನೂ ತಿನ್ನುವ ಹಾಗಿಲ್ಲ. ಬೆಳಿಗ್ಗೆ ಅಳೆದು 240 ಮಿಲಿ ನೀರು, ಅದರ ಜೊತೆ ಮಾತ್ರೆ. ಬಾಯಿ ತೆರೆಸಿ, ನಾಲಗೆ ಎತ್ತಿಸಿ ನೋಡುತ್ತಾರೆ. ಆಮೇಲೆ ಒಂದು ತಾಸು ನೀರೂ ಇಲ್ಲ, ನಾಲ್ಕು ತಾಸು ಊಟ ಇಲ್ಲ. ಕಿಟಕಿಯಿಂದ ಕೆಂಪು ಇಟ್ಟಿಗೆಯ ಹಳೇ ಹತ್ತಿ ಗಿರಣಿ ಕಾಣುತ್ತಿತ್ತು, ಈಗ ಅದು ಫ್ಲಾಟು. ಅಪ್ಪಾಜಿ ಮಿಲ್ಲಿಗೆ ಹೋಗುತ್ತಿದ್ದಾಗ ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ಲ. ಅಸಲಿ ಮ್ಯಾಂಚೆಸ್ಟರಿನ ಪಾಡೂ ಅಷ್ಟೇ ಅಂತ ಹೇಳು. ಚಹಾ ಬಿಟ್ಟಿದ್ದಕ್ಕೆ ತಲೆ ಸಿಡಿಯುತ್ತಿತ್ತು, ಹಸಿವಿಗಿಂತ ಅದೇ ಹೆಚ್ಚು.

ಹದಿನಾಲ್ಕು ದಿನ ಬಿಟ್ಟು ಎರಡನೇ ಸಲ. ಈ ಸಲ ಮಾತ್ರೆಗೆ ಮುಂಚೆ ಜಿಡ್ಡಿನ ನಾಷ್ಟಾ. 800ರಿಂದ 1000 ಕ್ಯಾಲೊರಿ, ಅದರಲ್ಲಿ ಅರ್ಧ ಕೊಬ್ಬಿನಿಂದಲೇ ಬರಬೇಕು. ಮಾಮೂಲಿಯಾಗಿ ಬೆಣ್ಣೆಯಲ್ಲಿ ಕರಿದ ಮೊಟ್ಟೆ, ಹಂದಿ ಮಾಂಸ ಕೊಡುತ್ತಾರೆ. ನಾನು ಮೊಟ್ಟೆಯನ್ನೂ ಮುಟ್ಟುವುದಿಲ್ಲ ಅಂತ ಮೊದಲೇ ಬರೆಸಿದ್ದೆ. ಅದರ ಬದಲು ಲೆಕ್ಕ ಹಾಕಿ ಚೀಸು, ಬೆಣ್ಣೆ ಹಚ್ಚಿದ ಬ್ರೆಡ್ಡು, ಕರಿದ ಆಲೂಗಡ್ಡೆ, ಕೆನೆ ಹಾಲು. ಅರ್ಧ ತಾಸಿನಲ್ಲಿ ಪೂರ್ತಿ ಮುಗಿಸಬೇಕು. ತಟ್ಟೆಯ ಅಂಚಿಗೆ ಚೂರು ಬೆಣ್ಣೆ ಮೆತ್ತಿತ್ತು. ನರ್ಸಮ್ಮ ಪಕ್ಕದಲ್ಲೇ ನಿಂತು ಅದನ್ನೂ ಬ್ರೆಡ್ಡಿನಲ್ಲಿ ಒರೆಸಿ ತಿನ್ನಿಸಿದಳು, ಥೇಟ್ ನಿನ್ನ ಹಾಗೆ. ಇಷ್ಟೆಲ್ಲಾ ಲೆಕ್ಕ ಯಾಕೆ, ದಾವಣಗೆರೆಯ ಎರಡು ಬೆಣ್ಣೆ ದೋಸೆ ತರಿಸಿದ್ದರೆ ಆಗುತ್ತಿರಲಿಲ್ವಾ ಅನ್ನಿಸಿತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಪಟ್ಟಿಯಲ್ಲಿದ್ದ ಪಾಮೆಲೊ ಅಂದರೆ ನಮ್ಮ ಚಕ್ಕೋತ. ದೊಡ್ಡಮ್ಮನ ಹಿತ್ತಲಿನ ಹಣ್ಣು ಅಪ್ಪಾಜಿ ದಿನಾ ತಿನ್ನುತ್ತಾರೆ ಅಂತ ಅಣ್ಣ ಹೇಳಿದ. 1989ರಲ್ಲಿ ಕೆನಡಾದ ಡೇವಿಡ್ ಬೈಲಿ ಅನ್ನುವವರು ಬಿಪಿ ಮಾತ್ರೆ ಮೇಲೆ ಮದ್ಯ ಏನು ಮಾಡುತ್ತದೆ ಅಂತ ನೋಡುವಾಗ, ಮದ್ಯದ ರುಚಿ ಗೊತ್ತಾಗದಿರಲಿ ಅಂತ ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ನೋಡಿದರೆ ಮಾತ್ರೆ ರಕ್ತದಲ್ಲಿ ಹಲವು ಪಟ್ಟು ಏರಿತ್ತು, ಅದೂ ಮದ್ಯದಿಂದಲ್ಲ, ಹಣ್ಣಿನಿಂದ. ಔಷಧಿಯನ್ನು ಅರಗಿಸುವ ಒಂದು ಕಿಣ್ವ ನಮ್ಮ ಕರುಳಿನಲ್ಲಿದೆ, ಹಣ್ಣು ಅದನ್ನು ಕೆಡಿಸುತ್ತದೆ. ಚಕ್ಕೋತವೂ ಅದೇ ಜಾತಿ. ಅಪ್ಪಾಜಿ "ಬೆಳಿಗ್ಗೆ ಮಾತ್ರೆ, ಸಂಜೆ ಹಣ್ಣು" ಅಂತ ವಾದ ಹೂಡುತ್ತಾರೆ, ಗೊತ್ತು. ಆಗುವುದಿಲ್ಲ. ಒಂದು ಲೋಟ ರಸದ ಪ್ರಭಾವ ಒಂದು ದಿನದ ಮೇಲೂ ಇರುತ್ತದೆ. ಎಲ್ಲಾ ಮಾತ್ರೆಗೂ ಹೀಗಲ್ಲ. ಆದರೆ ಅವರು ನುಂಗುವ ಕೊಲೆಸ್ಟ್ರಾಲ್ ಮಾತ್ರೆಯ ಗುಂಪಿನಲ್ಲಿ ಕೆಲವಕ್ಕೆ ಹೌದು.

ಅದಕ್ಕೇ, ಮಾತ್ರೆ ಬಿಡುವುದು ಬೇಡ. ಬುಧವಾರ ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆಯ ಶೀಟುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಲಿ. ಚಕ್ಕೋತದ ವಿಷಯ, ಹರಿಹರದಿಂದ ತರಿಸುವ ಮಂಡಿನೋವಿನ ಪುಡಿಯ ವಿಷಯ ಎರಡನ್ನೂ ಹೇಳಲಿ. "ಡಾಕ್ಟರು ಕೇಳಲಿಲ್ಲ, ನಾನು ಹೇಳಲಿಲ್ಲ" ಅಂತ ಬರಬಾರದು. ನೀನೂ ಜೊತೆಗೆ ಹೋಗು.

ನನ್ನದು 14ಕ್ಕೆ ಕೊನೆಯ ರಕ್ತ ಪರೀಕ್ಷೆ, ಅಲ್ಲಿಗೆ ಮುಗಿಯಿತು. ಇನ್ನು ಮೂರು ತಿಂಗಳು ನಾನು ಬೇಡಿಕೊಂಡರೂ ಇನ್ನೊಂದಕ್ಕೆ ಸೇರಿಸಿಕೊಳ್ಳುವುದಿಲ್ಲ. ಉಂಡೆ ಡಬ್ಬಿ ಖಾಲಿಯಾಗಿದೆ. 14 ಆದ ಮೇಲೆ ಇನ್ನೊಂದು ಕಳಿಸು, ಗಸಗಸೆ ಹಾಕಿಯೇ ಮಾಡು. ಕಷಾಯದ ಪುಡಿಯ ಡಬ್ಬಿ ಮೇಲೆ ಮಾತ್ರ ಏನೇನು ಹಾಕಿದ್ದೀಯ ಅಂತ ಚೀಟಿ ಅಂಟಿಸು.

ನಿನ್ನ ಸಣ್ಣ ಮಗ