ಅಂಗಡಿಯ ಬಾಕಿ ಬೇರೆ, ವಾರ್ಡಿನ ಓಟು ಬೇರೆ

ಮಾನ್ಯ ಸಂಪಾದಕರೇ,

2025ರ ಡಿಸೆಂಬರ್ 11ಕ್ಕೆ ನಮ್ಮ ಜಿಲ್ಲೆಯಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಯ ಮತದಾನ. ಕಾಸರಗೋಡು ನಗರಸಭೆಯಲ್ಲಿ 38 ಇದ್ದ ವಾರ್ಡು ಈ ಸಲ 39 ಆಗಿದೆ. ನಮ್ಮ ವಾರ್ಡಿನಲ್ಲಿ ನಾವೆಲ್ಲ ದಿನಸಿ ತರುವ ಅಂಗಡಿಯವರೇ ಸ್ವತಂತ್ರವಾಗಿ ನಿಂತಿದ್ದಾರೆ. ಹೆಸರು ಬೇಡ, ನಾವು ಅವರನ್ನು ಅಣ್ಣ ಅಂತಲೇ ಕರೆಯುವುದು.

ಮೊದಲೇ ಹೇಳಿಬಿಡುತ್ತೇನೆ, ಅಣ್ಣನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ತೂಕದಲ್ಲಿ ಮೋಸ ಮಾಡಿದವರಲ್ಲ. ಕೊರೊನಾ ಸಮಯದಲ್ಲಿ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೋಗಲಿಕ್ಕೂ ತಲಪಾಡಿಯಲ್ಲಿ ಬಿಡದೆ ಇದ್ದ ಆ ದಿನಗಳಲ್ಲಿ, ಕೈಯಲ್ಲಿ ಕಾಸಿಲ್ಲದ ಎಷ್ಟೋ ಮನೆಗೆ ಅಕ್ಕಿ ಕೊಟ್ಟವರು. ನಗರಸಭೆಯಿಂದ ಮಲಯಾಳಂನಲ್ಲಿ ನೋಟಿಸು ಬಂದರೆ ಮಲಯಾಳ ಓದಲು ಬಾರದ ನಮ್ಮ ಹಿರಿಯರು ಅದನ್ನು ಹಿಡಿದುಕೊಂಡು ಹೋಗುವುದು ಇದೇ ಅಂಗಡಿಗೆ. ಬೇಳೆ ಕಟ್ಟುತ್ತಾ ಕಟ್ಟುತ್ತಾ ಅವರು ಅದನ್ನು ಓದಿ, ಕನ್ನಡದಲ್ಲಿ ಅರ್ಥ ಹೇಳಿ, ಫಾರ್ಮು ಕೂಡ ತುಂಬಿಸಿ ಕೊಡುತ್ತಾರೆ. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೆ ಕಚೇರಿಯಲ್ಲಿ ಕನ್ನಡಕ್ಕೆ ಹಕ್ಕಿದೆ ಅಂತ ಭಾಷಣ ಕೇಳಿದ್ದು ಬಹಳ, ಕೆಲಸ ನಡೆದದ್ದು ಮಾತ್ರ ಇಂಥ ಅಂಗಡಿಗಳಲ್ಲಿ. ಕೌನ್ಸಿಲರ್ ಆಗಲಿಕ್ಕೆ ಇದು ಸಣ್ಣ ಯೋಗ್ಯತೆ ಅಲ್ಲ.

ಆದರೆ ಮೊನ್ನೆ ಒಂದು ಮಾತು ಕೇಳಿ ಬೇಸರವಾಯಿತು. ನನ್ನ ಮುಂದೆ ಒಬ್ಬರು ವಯಸ್ಸಾದ ಅಮ್ಮ ಇದ್ದರು. ಅಣ್ಣ ಸಾಲದ ಪುಸ್ತಕ ತೆಗೆದು, ಅವರ ಪುಟದಲ್ಲಿ ಸಕ್ಕರೆಯ ಲೆಕ್ಕ ಬರೆಯುತ್ತಾ, "ಅಮ್ಮಾ, ಬಾಕಿ ನಿಧಾನಕ್ಕೆ ಕೊಡಿ, ಓಟು ಮಾತ್ರ ಮರೀಬೇಡಿ" ಅಂದು ನಕ್ಕರು. ತಮಾಷೆಗೇ ಹೇಳಿದ್ದು, ನನಗೆ ಗೊತ್ತು. ಅಮ್ಮ ಮಾತ್ರ ನಗಲಿಲ್ಲ, ಸುಮ್ನೆ ತಲೆ ಆಡಿಸಿ ಚೀಲ ಎತ್ತಿಕೊಂಡು ಹೋದರು. ನಮ್ಮ ವಾರ್ಡಿನ ಅರ್ಧಕ್ಕರ್ಧ ಮನೆಯ ಹೆಸರು ಆ ಪುಸ್ತಕದಲ್ಲಿದೆ. ನನ್ನದೂ ಇತ್ತು. ನಗರಸಭೆಗೆ ನಿಂತವರು 75,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡಬಾರದು ಅಂತ ಮಿತಿ ಇದೆ. ಆಸ್ತಿ, ಸಾಲದ ವಿವರವನ್ನೂ ಕೊಡಬೇಕು. ನಾವು ಕೊಡಬೇಕಾದ ಬಾಕಿಯನ್ನು ಯಾವ ಕಾಲಂನಲ್ಲಿ ಬರೆಯುವುದು ಮಾರಾಯ್ರೆ?

ಇನ್ನೊಂದು ಅವರ ಚುನಾವಣಾ ಪ್ರಚಾರದ ನೋಟಿಸಿನ ಮಾತು. "ಮೂವತ್ತು ವರ್ಷ ಅಂಗಡಿ ನಡೆಸಿದ್ದೇನೆ, ವಾರ್ಡನ್ನೂ ಹಾಗೇ ನಡೆಸುತ್ತೇನೆ" ಅಂತ ಹಾಕಿಸಿದ್ದಾರೆ. ಹಾಗೆ ಆಗುವುದಿಲ್ಲ ಅಲ್ವಾ? ಅಂಗಡಿಯಲ್ಲಿ ಯಾರಿಗೆ ಸಾಲ ಕೊಡಬೇಕು, ಯಾರಿಗೆ ಬೇಡ ಅಂತ ಅವರೊಬ್ಬರೇ ತೀರ್ಮಾನಿಸಬಹುದು, ಯಾರೂ ಕೇಳುವ ಹಾಗಿಲ್ಲ. ವಾರ್ಡಿನಲ್ಲಿ ಯಾರ ಮನೆಯ ರಿಪೇರಿಗೆ ಹಣ, ಯಾವ ಓಣಿಗೆ ಮೊದಲು ದೀಪ ಅನ್ನುವುದನ್ನು ವಾರ್ಡ್ ಸಭೆಯಲ್ಲಿ ಎಲ್ಲರ ಮುಂದೆ ಇಡಬೇಕು. ಮೂರು ತಿಂಗಳಿಗೊಮ್ಮೆ ಸಭೆ ಕರೆಯುವುದು ಕೌನ್ಸಿಲರನ ಕೆಲಸ. ಅಣ್ಣನನ್ನು ಆ ಸಭೆಯಲ್ಲಿ ಒಂದು ದಿನವೂ ನೋಡಿದ ನೆನಪು ನನಗಿಲ್ಲ. ವ್ಯಾಪಾರದ ಹೊತ್ತು ಅಂತಾರೆ. ಸರಿ, ಗೆದ್ದ ಮೇಲೆ ಆ ಹೊತ್ತಿಗೆ ಅಂಗಡಿಯಲ್ಲಿ ಕೂರುವವರು ಯಾರು?

ಚರಂಡಿ ವಿಷಯವೂ ಇದೆ. ಅವರ ಅಂಗಡಿಯ ಮುಂದೆ ಚರಂಡಿಗೆ ಕಾಂಕ್ರೀಟ್ ಹಾಕಿ ಮೆಟ್ಟಿಲು ಕಟ್ಟಿಸಿದ್ದಾರೆ, ಆ ಸಾಲಿನ ಎಲ್ಲರೂ ಹಾಗೇ ಮಾಡಿದ್ದಾರೆ ಬಿಡಿ. ಜೂನ್ ಬಂತೆಂದರೆ ನೀರೆಲ್ಲ ಹಿಂದಿನ ಓಣಿಗೆ ನುಗ್ಗುತ್ತದೆ. ನಾಳೆ ಅದನ್ನು ಒಡೆಯಬೇಕು ಅಂತ ಕೌನ್ಸಿಲ್‌ನಲ್ಲಿ ಬಂದರೆ ಅವರು ಅಂಗಡಿಯವರಾಗಿ ಮಾತಾಡುತ್ತಾರೋ, ಹಿಂದಿನ ಓಣಿಯ ನಮ್ಮ ಕೌನ್ಸಿಲರ್ ಆಗಿ ಮಾತಾಡುತ್ತಾರೋ? ಹೈವೇ 66ರ ಕೆಲಸ ಶುರುವಾದ ಮೇಲೆ ನಮ್ಮ ಪೇಟೆಯ ವ್ಯಾಪಾರಿಗಳು ಪಟ್ಟ ಪಾಡು ನೋಡಿದ್ದೇನೆ, ಅವರ ಪರವಾಗಿ ಮಾತಾಡಲು ಒಬ್ಬರು ಬೇಕು ಅನ್ನುವುದನ್ನು ಒಪ್ಪುತ್ತೇನೆ. ಹಿಂದಿನ ಓಣಿಗೂ ಒಬ್ಬರು ಬೇಕು ಅಷ್ಟೇ.

ಇದನ್ನು ಬರೆಯುವ ಮೊದಲು ಅಂಗಡಿಗೆ ಹೋಗಿ ನನ್ನ ಬಾಕಿ 1,840 ರೂಪಾಯಿ ಚುಕ್ತಾ ಮಾಡಿದೆ. ಅಣ್ಣ ನನ್ನ ಪುಟಕ್ಕೆ ಅಡ್ಡಗೆರೆ ಎಳೆದರು. ಆಮೇಲೆ ಚರಂಡಿಯ ಪ್ರಶ್ನೆ ಕೇಳಿದೆ. "ಈಗ ಗಿರಾಕಿ ಇದ್ದಾರೆ, ಸಂಜೆ ಬನ್ನಿ" ಅಂದರು. ಸಂಜೆ ಪುನಃ ಹೋಗುತ್ತೇನೆ.

ಇತಿ,
ಅದೇ ಅಂಗಡಿಯ ಒಬ್ಬ ಗಿರಾಕಿ, ಕಾಸರಗೋಡು